ಚುಕ್ಕೆ ಗುರುತಿನ ಪ್ರಶ್ನೆ: ಮಂತ್ರಿಯನ್ನು ಎದ್ದು ನಿಲ್ಲಿಸುವ ಒಂದು ಚುಕ್ಕೆ

ಮಂಡ್ಯದ ಹತ್ತಿರದ ನಮ್ಮೂರಿಂದ ದೊಡ್ಡಪ್ಪ ಮೈಸೂರಿಗೆ ಬಂದಿದ್ದರು. ಕಾಫಿ ಕುಡಿದ ಮೇಲೆ ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ನಮ್ಮ ಕಡೆಯ ಉಪನಾಲೆ ರಿಪೇರಿಗೆ ಎಷ್ಟು ದುಡ್ಡು ಖರ್ಚಾಯಿತು, ಕೊನೆ ಭಾಗದ ಗದ್ದೆಗಳಿಗೆ ಇನ್ನೂ ಯಾಕೆ ನೀರು ಹತ್ತಿಲ್ಲ ಅಂತ ವಿರೋಧ ಪಕ್ಷದ ಶಾಸಕರೊಬ್ಬರು ವಿಧಾನಸಭೆಯಲ್ಲಿ ಕೇಳಿದ್ದರು. ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಅದು. ವಾಟ್ಸಾಪಿನಲ್ಲಿ ಬಂದಿದ್ದನ್ನು ಪ್ರಿಂಟ್ ಹಾಕಿಸಿಕೊಂಡಿದ್ದರು.

"ಮಗ, ಇದ್ರಲ್ಲಿ ಚುಕ್ಕೆ ಎಲ್ಲದೆ?"

ಹಾಳೆಯ ಮೇಲ್ಗಡೆ ನೋಡಿದೆ. 'ಚುಕ್ಕೆ ಗುರುತಿಲ್ಲದ ಪ್ರಶ್ನೆ ಸಂಖ್ಯೆ' ಅಂತ ಇತ್ತು.

"ಇದು ಚುಕ್ಕೆ ಇಲ್ಲದ್ದು ದೊಡ್ಡಪ್ಪ."

"ಹಂಗಂದ್ರೆ? ಚುಕ್ಕೆ ಇದ್ದಿದ್ರೆ ನೀರು ಬತ್ತಿತ್ತಾ?"

ನೀರು ಬರುತ್ತಿತ್ತು ಅಂತ ಹೇಳಲಾರೆ. ಆದರೆ ಚುಕ್ಕೆ ಇದ್ದು, ಸರದಿಯೂ ಬಂದಿದ್ದರೆ, ಮಂತ್ರಿ ಸದನದಲ್ಲಿ ಎದ್ದು ನಿಂತು ಬಾಯಿಬಿಟ್ಟು ಉತ್ತರ ಹೇಳಬೇಕಾಗುತ್ತಿತ್ತು. ಆ ಚುಕ್ಕೆಗಿರುವ ಅರ್ಥ ಇಷ್ಟೇ.

ಶಾಸಕರಾಗಲಿ ಸಂಸದರಾಗಲಿ ಪ್ರಶ್ನೆಯನ್ನು ಮೊದಲೇ ಬರೆದು ಕೊಡುತ್ತಾರೆ. ಬಾಯಿಮಾತಿನ ಉತ್ತರವೇ ಬೇಕು ಅನ್ನುವವರ ಪ್ರಶ್ನೆಗೆ ಪಟ್ಟಿಯಲ್ಲಿ ನಕ್ಷತ್ರದ ಗುರುತು ಹಾಕುತ್ತಾರೆ. ಅದೇ ಚುಕ್ಕೆ ಗುರುತಿನ ಪ್ರಶ್ನೆ. ಬರಹದ ಉತ್ತರ ಸಾಕು ಅನ್ನುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಎಷ್ಟು ಕಿಲೋಮೀಟರು, ಎಷ್ಟು ಹುದ್ದೆ ಖಾಲಿ, ತಾಲ್ಲೂಕುವಾರು ಲೆಕ್ಕ ಏನು ಅನ್ನುವಂಥ ಅಂಕಿಅಂಶಕ್ಕೆ ಎರಡನೆಯದೇ ಒಳ್ಳೆಯದು. ಉದ್ದದ ಅನುಬಂಧವನ್ನು ಸದನದಲ್ಲಿ ಓದುತ್ತಾ ಕೂರಲು ಆಗುವುದಿಲ್ಲ ಅಲ್ವಾ.

ಲೋಕಸಭೆಯ ಲೆಕ್ಕ ಹೇಳುತ್ತೇನೆ. ಅಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಇಲ್ಲದವು. ಯಾರ ಪ್ರಶ್ನೆ ಮೊದಲು ಅನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಆ 20ರಲ್ಲಿ ಒಂದು ಗಂಟೆಯೊಳಗೆ ಬಾಯಿಮಾತಿನ ಉತ್ತರಕ್ಕೆ ಬರುವುದು ನಾಲ್ಕೋ ಐದೋ. ಉಳಿದವುಗಳಿಗೂ ಬರಹದ ಉತ್ತರವೇ ಗತಿ. ಹಾಗಾಗಿ ಸದಸ್ಯರು ಕೂಗಾಡಿ ಹತ್ತು ನಿಮಿಷ ಹಾಳು ಮಾಡಿದರೂ ಒಂದು ಪ್ರಶ್ನೆ ಕೈತಪ್ಪಿ ಹೋಗುತ್ತದೆ. ಸದನದ ಬಾವಿಗಿಳಿದು ಧರಣಿ ಮಾಡುವುದಕ್ಕೂ ಒಂದು ಸಮಯ ಇರಬಹುದು. ಆದರೆ ಆ ಒಂದು ಗಂಟೆಯಲ್ಲಿ ಧರಣಿ ಮಾಡಿದರೆ ಜಾಸ್ತಿ ನಷ್ಟ ವಿರೋಧ ಪಕ್ಷಕ್ಕೇ. ನನ್ನ ಅಭಿಪ್ರಾಯ ಇದು, ಯಾವ ಪಕ್ಷದವರಿಗೂ ಹೇಳುತ್ತೇನೆ.

ಈಗ ದೊಡ್ಡಪ್ಪನ ಹಾಳೆಗೆ ಬರೋಣ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅ, ಆ, ಇ ಅಂತ ಭಾಗಗಳು. ಕೊನೆ ಭಾಗಕ್ಕೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: 'ಬಂದಿದೆ.' ಹಣ ಬಿಡುಗಡೆಯಾಗಿದೆಯೇ? 'ಹೌದು.' ಕಾಮಗಾರಿ ಯಾವ ಹಂತದಲ್ಲಿದೆ? 'ಪೂರ್ಣಗೊಂಡಿದೆ.' ಇಲ್ಲದಿದ್ದಲ್ಲಿ ಯಾವಾಗ ಪೂರ್ಣಗೊಳಿಸಲಾಗುವುದು? 'ಪ್ರಶ್ನೆ ಉದ್ಭವಿಸುವುದಿಲ್ಲ.'

ದೊಡ್ಡಪ್ಪ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಅವರ ಗದ್ದೆ ಇರುವುದೇ ನಾಲೆಯ ಕೊನೆಯಲ್ಲಿ. ಪೂರ್ಣಗೊಂಡಿದೆ, ಆದರೆ ನೀರಿಲ್ಲ. ಹಾಗಾದರೆ ಪ್ರಶ್ನೆ ಹುಟ್ಟಬೇಕಾದದ್ದು ಅಲ್ಲಿಂದಲೇ ಅಲ್ವಾ? ಚುಕ್ಕೆ ಇಲ್ಲದ ಹಾಳೆಯಲ್ಲಿ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಚುಕ್ಕೆ ಇದ್ದರೆ ನಿಲ್ಲುವುದಿಲ್ಲ. ಮಂತ್ರಿ ಉತ್ತರ ಕೊಟ್ಟ ಕೂಡಲೇ ಸದಸ್ಯರು ಎದ್ದು ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ಪ್ರಶ್ನೆ ಹಾಕಿದವರಿಗೆ ಸಾಮಾನ್ಯವಾಗಿ ಎರಡು ಉಪಪ್ರಶ್ನೆಗೆ ಅವಕಾಶ. ಆಮೇಲೆ ಸ್ಪೀಕರ್ ಒಪ್ಪಿದರೆ ಬೇರೆಯವರೂ ಕೇಳಬಹುದು. ಮೊದಲ ಪ್ರಶ್ನೆಯ ಉತ್ತರ ಅಧಿಕಾರಿಗಳು ಹದಿನೈದು ದಿನ ಕೂತು ಬರೆದದ್ದು. ಉಪಪ್ರಶ್ನೆಯ ಉತ್ತರಕ್ಕೆ ಮಾತ್ರ ಮಂತ್ರಿಗೆ ತನ್ನ ಇಲಾಖೆ ಗೊತ್ತಿರಬೇಕು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವಷ್ಟರಲ್ಲಿ ಇಡೀ ಸದನ ಕಾಯುತ್ತಿರುತ್ತದೆ. ಚುಕ್ಕೆಯ ಬೆಲೆ ಇರುವುದು ಈ ಉಪಪ್ರಶ್ನೆಯಲ್ಲಿ.

ಈ ಹಕ್ಕು ಸುಮ್ನೆ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು 1892ರ ಕಾಯ್ದೆಯಿಂದ. ಆಗ ಉಪಪ್ರಶ್ನೆ ಇರಲಿಲ್ಲ. 1909ರ ಸುಧಾರಣೆ ಬಂದಾಗ, ಪ್ರಶ್ನೆ ಹಾಕಿದವರು ಮಾತ್ರ ಉಪಪ್ರಶ್ನೆ ಕೇಳಬಹುದು ಅಂತಾಯಿತು. ಎಲ್ಲ ಸದಸ್ಯರಿಗೂ ಆ ಹಕ್ಕು ಸಿಕ್ಕಿದ್ದು 1919ರ ಸುಧಾರಣೆಯ ನಂತರ.

ನಮ್ಮ ಮೈಸೂರಿನ ಕಥೆ ಇನ್ನೂ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರಾ ಸಮಯಕ್ಕೆ ಸೀಮೆಸೀಮೆಗಳಿಂದ ಪ್ರತಿನಿಧಿಗಳು ಮೈಸೂರಿಗೆ ಬಂದರು. ಮೊದಲ ಸಭೆಯಲ್ಲಿ 144 ಜನ. ದಿವಾನರು ರಾಜ್ಯದ ಆದಾಯ, ಖರ್ಚು, ಆದ ಕೆಲಸಗಳನ್ನು ಅವರ ಮುಂದಿಟ್ಟರು. ಖಜಾನೆಯ ಲೆಕ್ಕವನ್ನು ಪ್ರಜೆಗಳಿಗೆ ಹೇಳಬೇಕು ಅನ್ನುವುದೇ ಆ ಕಾಲಕ್ಕೆ ದೊಡ್ಡ ಮಾತು. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಆ ಪ್ರತಿನಿಧಿಗಳು ಮುಂದಿಡಬಹುದಾಗಿದ್ದದ್ದು ಅಹವಾಲು ಮಾತ್ರ. ಅಹವಾಲು ಹೇಳುವವನು ಕೈಮುಗಿದು ನಿಂತಿರುತ್ತಾನೆ, ಕೇಳಿಸಿಕೊಳ್ಳುವುದು ಬಿಡುವುದು ದೊರೆಯ ಇಷ್ಟ. ಪ್ರಶ್ನೆ ಹಾಗಲ್ಲ. ಉತ್ತರ ಕೊಡಲೇಬೇಕಾದವರು ಎದುರಿಗೆ ಇರುತ್ತಾರೆ.

ಸರಿಯಾದ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ 1957 ನೆನಪಾಗುತ್ತದೆ. ಆಗಷ್ಟೇ ಸರ್ಕಾರದ್ದಾಗಿದ್ದ ಎಲ್‌ಐಸಿ, ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತ್ತು. ಜನ ಕಂತುಕಂತಾಗಿ ಕಟ್ಟಿದ ದುಡ್ಡು ಅದು. ಲೋಕಸಭೆಯಲ್ಲಿ ಮೊದಲು ಪ್ರಶ್ನೆಯಾಗಿ ಎದ್ದ ಈ ವಿಷಯವನ್ನು ಫಿರೋಜ್ ಗಾಂಧಿ ಡಿಸೆಂಬರ್‌ನಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟರು. ಅವರು ಆಡಳಿತ ಪಕ್ಷದ ಸಂಸದರು, ಪ್ರಧಾನಿ ನೆಹರೂ ಅವರ ಅಳಿಯ. ಆದರೂ ಬಿಡಲಿಲ್ಲ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಕೆಲಸ ಮಾತ್ರ ಅಂದುಕೊಂಡವರು ಇದನ್ನು ಮರೆಯಬಾರದು.

ವಿದೇಶಾಂಗ ನೀತಿಯ ಪ್ರಶ್ನೆ ವಿಧಾನಸಭೆಗೆ ಬರುವುದಿಲ್ಲ, ಅದು ಕೇಂದ್ರದ ವಿಷಯ. ಲೋಕಸಭೆಯಲ್ಲೂ ಅದಕ್ಕೆ ಬೇಲಿ ಇದೆ. ಸ್ನೇಹದ ದೇಶವನ್ನು ಅಗೌರವದಿಂದ ಕಾಣುವ ಮಾತು ಪ್ರಶ್ನೆಯಲ್ಲಿ ಇರಕೂಡದು. ಆದರೂ 1959ರ ಆಗಸ್ಟ್‌ನಲ್ಲಿ ಚೀನಾ ಗಡಿಯ ಬಗ್ಗೆ ಸದಸ್ಯರು ಪಟ್ಟು ಹಿಡಿದು ಕೇಳಿದಾಗ, ಅಕ್ಸಾಯ್ ಚಿನ್‌ನಲ್ಲಿ ಚೀನಾ ರಸ್ತೆ ಮಾಡಿರುವುದನ್ನು ನೆಹರೂ ಸದನದ ಮುಂದೆ ಹೇಳಬೇಕಾಯಿತು. ಮರು ತಿಂಗಳೇ ಎರಡು ದೇಶಗಳ ಪತ್ರ ವ್ಯವಹಾರದ ಶ್ವೇತಪತ್ರ ಹೊರಬಂತು.

ಕೇಳುವವರೇ ಕೆಟ್ಟರೆ? ಅದೂ ಆಗಿದೆ. ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡದ್ದು ರಹಸ್ಯ ಕ್ಯಾಮೆರಾದಲ್ಲಿ ಸಿಕ್ಕಿ, 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಹೊರಹಾಕಿದರು. ಹತ್ತು ಜನ ಲೋಕಸಭೆಯವರು, ಒಬ್ಬರು ರಾಜ್ಯಸಭೆಯವರು. ಒಂದೇ ಪಕ್ಷದವರೂ ಅಲ್ಲ.

ಇನ್ನೊಂದು ಮಾತು ತಿಳಿದಿರಲಿ. ಲೋಕಸಭೆಯಲ್ಲಿ ಮಂತ್ರಿ ಉತ್ತರ ಕೊಡುತ್ತಾ 'ಪರಿಶೀಲಿಸುತ್ತೇವೆ', 'ಮಾಹಿತಿ ಸಂಗ್ರಹಿಸಿ ಕೊಡುತ್ತೇವೆ' ಅಂದರೆ ಅದು ಭರವಸೆಯ ಲೆಕ್ಕಕ್ಕೆ ಸೇರುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೋ ಇಲ್ಲವೋ ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಪ್ಪ ಪೆನ್ನು ಕೇಳಿದರು. ಹಾಳೆಯನ್ನು ತಿರುಗಿಸಿ ಹಿಂದುಗಡೆ ನಿಧಾನಕ್ಕೆ ಬರೆದರು. ಕೆಲಸ ಮುಗಿದದ್ದು ಯಾವ ತಾರೀಖು? ಅಳತೆ ತೆಗೆದು ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಬರೆದವರು ಯಾರು? ಬಿಲ್ಲು ಪಾಸಾಗುವ ಮುಂಚೆ ಕೊನೇ ತೂಬಿನ ತನಕ ನೀರು ಬಿಟ್ಟು ನೋಡಿದರಾ?

"ಮೂರಾಯ್ತಲ್ಲ ಮಗ. ಎರಡೇ ಅಂದೆ ನೀನು."

"ಮೂರನೇದನ್ನ ಬೇರೆ ಶಾಸಕರು ಯಾರಾದ್ರೂ ಕೇಳಬಹುದು ದೊಡ್ಡಪ್ಪ. ಮೊದಲು ಮುಂದಿನ ಅಧಿವೇಶನಕ್ಕೆ ಚುಕ್ಕೆ ಹಾಕಿಸಿ ನೋಟಿಸ್ ಕೊಡೋಕೆ ಹೇಳಿ."

ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಸಂಜೆಯ ಮಂಡ್ಯ ಬಸ್ಸಿಗೆ ಹೊರಟರು.