ಸೂಜಿ ಪರೀಕ್ಷೆ ನೆಗೆಟಿವ್ ಬಂದ ಮೇಲೂ ಕಂಕುಳಿಗೆ ಆಪರೇಷನ್ ಯಾಕೆ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಇದೆ. ಕಂಕುಳಿಗೆ ಸ್ಕ್ಯಾನ್ ಮಾಡಿ, ಸೂಜಿ ಹಾಕಿ ನೋಡಿದರು. ಅಲ್ಲಿ ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂತು. ಆದರೂ ಆಪರೇಷನ್ ದಿನ ಕಂಕುಳಿನ ಒಂದೆರಡು ಗ್ರಂಥಿ ತೆಗೆಯುತ್ತಾರಂತೆ. ಇಲ್ಲ ಅಂದ ಮೇಲೆ ಯಾಕೆ ತೆಗೀಬೇಕು?

ಉತ್ತರ: ಸೂಜಿ ಪರೀಕ್ಷೆ ‘ಇದೆ’ ಎಂದರೆ ಸಾಮಾನ್ಯವಾಗಿ ನಂಬಬಹುದು. ‘ಇಲ್ಲ’ ಎಂದರೆ ಅಷ್ಟು ಗಟ್ಟಿಯಾಗಿ ನಂಬಲಾಗದು.

ಸ್ತನ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್). ಆರೋಗ್ಯವಾಗಿರುವ ಗ್ರಂಥಿ ಸ್ಕ್ಯಾನ್‌ನಲ್ಲಿ ಅವರೆಕಾಳಿನ ಹಾಗೆ ಕಾಣುತ್ತದೆ. ನಡುವೆ ಬಿಳಿಯ ಕೊಬ್ಬು, ಸುತ್ತ ತೆಳುವಾದ ಕಪ್ಪು ಅಂಚು. ಆ ಅಂಚು 3 ಮಿಲಿಮೀಟರ್‌ಗಿಂತ ದಪ್ಪವಾದರೆ, ನಡುವಿನ ಬಿಳುಪು ಮಾಯವಾದರೆ, ಗ್ರಂಥಿ ಗುಂಡಗಾದರೆ ಡಾಕ್ಟರಿಗೆ ಅನುಮಾನ ಬರುತ್ತದೆ. ಆಗ ಸ್ಕ್ಯಾನ್ ಪರದೆ ನೋಡುತ್ತಲೇ ಅದೇ ಗ್ರಂಥಿಗೆ ಸೂಜಿ ಹಾಕುತ್ತಾರೆ. ತೆಳು ಸೂಜಿಯಾದರೆ ಜೀವಕೋಶಗಳು ಸಿಗುತ್ತವೆ, ಅದೇ ಎಫ್‌ಎನ್‌ಎಸಿ. ದಪ್ಪ ಸೂಜಿಯಾದರೆ ಜಾಗ ಮರಗಟ್ಟಿಸಿ, ದಾರದಂಥ ಸಣ್ಣ ತುಣುಕು ತೆಗೆಯುತ್ತಾರೆ.

ತೊಂದರೆ ಇರುವುದು ಗಾತ್ರದಲ್ಲಿ. ಗ್ರಂಥಿಯೊಳಗೆ ಕ್ಯಾನ್ಸರ್ 1 ಅಥವಾ 2 ಮಿಲಿಮೀಟರ್ ಮಾತ್ರ ಇದ್ದರೆ ಗ್ರಂಥಿಯ ಆಕಾರ ಬದಲಾಗದೇ ಇರಬಹುದು. ಸೂಜಿ ಅದರ ಪಕ್ಕದಲ್ಲೇ ಹಾದುಹೋಗಬಹುದು. ಪಕ್ಕದ ಇನ್ನೊಂದು ಗ್ರಂಥಿಯಲ್ಲಿ ಇರಲೂಬಹುದು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸ್ಕ್ಯಾನ್ ಮತ್ತು ಸೂಜಿಯಲ್ಲಿ ಏನೂ ಸಿಗದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಪರೇಷನ್‌ನಲ್ಲಿ ಕ್ಯಾನ್ಸರ್ ಸಿಕ್ಕಿದೆ. ಇದನ್ನು ಸುಮ್ನೆ ಬಿಡಲಾಗುವುದಿಲ್ಲ, ಅಲ್ವಾ?

ಅದಕ್ಕೇ ಸೆಂಟಿನೆಲ್ ಗ್ರಂಥಿಯ ಬಯಾಪ್ಸಿ. ನೀಲಿ ಬಣ್ಣ ಅಥವಾ ಸ್ವಲ್ಪ ವಿಕಿರಣ ಇರುವ ದ್ರವವನ್ನು ಸ್ತನಕ್ಕೆ ಚುಚ್ಚಿ, ಅದು ಮೊದಲು ಸೇರುವ ಗ್ರಂಥಿಯನ್ನಷ್ಟೇ ಹುಡುಕಿ ತೆಗೆಯುತ್ತಾರೆ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದರೆ ಕೈ ಊದಿಕೊಳ್ಳುವ ಅಪಾಯ ಜಾಸ್ತಿ. ಆ ಊತ ಕೆಲವರಿಗೆ ವರ್ಷಗಟ್ಟಲೆ ಕಾಡುತ್ತದೆ. ಅಮ್ಮನಿಗೆ ‘ಒಂದೆರಡು ಗ್ರಂಥಿ ಸಾಕು’ ಎಂದಿದ್ದಾರಲ್ಲ, ಸೂಜಿ ಪರೀಕ್ಷೆಯಿಂದ ಅವರಿಗೆ ಆದ ಒಳ್ಳೆಯದೇ ಅದು. ಪಾಸಿಟಿವ್ ಬಂದಿದ್ದರೆ ಮೊದಲು ಕೀಮೋ ಕೊಡುವ ಮಾತು ಬರುತ್ತಿತ್ತೇನೋ, ಇಲ್ಲವೇ ಇನ್ನೂ ದೊಡ್ಡ ಆಪರೇಷನ್.

ಎಲ್ಲರಿಗೂ ಇದೂ ಬೇಕಾಗುವುದಿಲ್ಲ. ಇಟಲಿಯಲ್ಲಿ ಮುಖ್ಯವಾಗಿ ನಡೆದು 2023ರಲ್ಲಿ ಪ್ರಕಟವಾದ ಸೌಂಡ್ ಎಂಬ ಅಧ್ಯಯನದಲ್ಲಿ 1,400ಕ್ಕೂ ಹೆಚ್ಚು ಮಹಿಳೆಯರಿದ್ದರು. ಗಡ್ಡೆ 2 ಸೆಂಟಿಮೀಟರ್ ಒಳಗೆ, ಕಂಕುಳಿನ ಸ್ಕ್ಯಾನ್ ಸರಿ. ಅರ್ಧ ಜನಕ್ಕೆ ಸೆಂಟಿನೆಲ್ ಬಯಾಪ್ಸಿ ಮಾಡಿದರು, ಇನ್ನರ್ಧ ಜನಕ್ಕೆ ಕಂಕುಳನ್ನು ಮುಟ್ಟಲೇ ಇಲ್ಲ. 5 ವರ್ಷದ ನಂತರ ದೂರದ ಅಂಗಗಳಿಗೆ ಕ್ಯಾನ್ಸರ್ ಹರಡದೆ ಬದುಕಿದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಸುಮಾರು ಶೇ. 98. ಅಮ್ಮನ ಗಡ್ಡೆ ಅಷ್ಟು ಚಿಕ್ಕದಾಗಿದ್ದರೆ ‘ಕಂಕುಳು ಬಿಡಬಹುದಾ?’ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೆದರಿಸಿದರೆ ದಯವಿಟ್ಟು ನಂಬಬೇಡಿ. ಆ ಹೆದರಿಕೆಯಿಂದ ಚಿಕಿತ್ಸೆ ತಡವಾಗುವುದೇ ನಿಜವಾದ ಅಪಾಯ.

ರಿಪೋರ್ಟನ್ನು ಇನ್ನೊಮ್ಮೆ ಓದಿ. ‘ಮಾದರಿ ಸಾಕಾಗಿಲ್ಲ’ ಎಂದು ಬರೆದಿದ್ದರೆ ಅದು ನೆಗೆಟಿವ್ ಅಲ್ಲ. ಗ್ರಂಥಿಯ ಜೀವಕೋಶಗಳೇ ಸಿಕ್ಕಿಲ್ಲ ಎಂದರ್ಥ. ಸ್ಕ್ಯಾನ್‌ನಲ್ಲಿ ಅನುಮಾನ ಬಲವಾಗಿದ್ದು ಸೂಜಿಯಲ್ಲಿ ಏನೂ ಬರದಿದ್ದರೂ ಅಷ್ಟೇ, ಮತ್ತೊಮ್ಮೆ ಸೂಜಿ ಹಾಕಬೇಕಾ ಎಂದು ಆಪರೇಷನ್‌ಗೆ ಮೊದಲೇ ಕೇಳಿಕೊಳ್ಳಿ.