ಅರ್ಧಶಕ್ತಿ ಎಂದರೆ ಎಷ್ಟು? ವಯಸ್ಸು, ಮೈಕಟ್ಟು ನೋಡಿ ವ್ಯಾಯಾಮ

ವಾಗ್ಭಟ ಬರೆದ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದ ದಿನಚರ್ಯೆ ಅಧ್ಯಾಯದಲ್ಲಿ ವ್ಯಾಯಾಮಕ್ಕೆ ಸಿಗುವುದು ನಾಲ್ಕೈದು ಶ್ಲೋಕ ಮಾತ್ರ. ಆಯುರ್ವೇದದ ಪರೀಕ್ಷೆಗೆ ಓದುವಾಗ ನಾವು ಅದನ್ನು ಬೇಗ ಮುಗಿಸಿಬಿಡುತ್ತೇವೆ. ಲಾಭ ಐದು: ಮೈ ಹಗುರ, ಕೆಲಸ ಮಾಡುವ ತಾಕತ್ತು, ಚುರುಕಾದ ಜಠರಾಗ್ನಿ, ಕರಗುವ ಮೇದಸ್ಸು (ಕೊಬ್ಬು), ಗಟ್ಟಿಯಾದ ಅಂಗಾಂಗ. ಮಾಡಬಾರದವರು ಇಷ್ಟು ಜನ. ಅತಿಯಾದರೆ ಬರುವ ತೊಂದರೆ ಇಷ್ಟು. ಬಾಯಿಪಾಠ ಆಯಿತು, ಮುಂದಿನ ಶ್ಲೋಕ.

ನಾನೂ ಮೊದಲ ಸಲ ಹಾಗೇ ಓದಿದೆ. ಎರಡನೇ ಸಲ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು. ಅರ್ಧಶಕ್ತಿ. ಯಾರು ಎಷ್ಟು ವ್ಯಾಯಾಮ ಮಾಡಬೇಕು ಎಂಬ ಪ್ರಶ್ನೆಗೆ ಇಡೀ ಉತ್ತರ ಈ ಪದದಲ್ಲೇ ಇದೆ ಎಂದು ಈಗ ನನಗೆ ಅನಿಸುತ್ತದೆ.

ಆ ಸಾಲನ್ನು ಬಿಡಿಸಿ ನೋಡೋಣ. 'ಅರ್ಧಶಕ್ತ್ಯಾ ನಿಷೇವ್ಯಸ್ತು ಬಲಿಭಿಃ ಸ್ನಿಗ್ಧಭೋಜಿಭಿಃ, ಶೀತಕಾಲೇ ವಸಂತೇ ಚ, ಮಂದಮೇವ ತತೋಽನ್ಯದಾ.' ಬಲವಿರುವವರು, ಜಿಡ್ಡಿನ ಆಹಾರ ಉಣ್ಣುವವರು, ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾಡಬೇಕು. ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಸರಿಯಾಗಿ ಗಮನಿಸಿ. ಅರ್ಧ ಎನ್ನುವುದು ಸೋತವರಿಗೆ ಕೊಟ್ಟ ರಿಯಾಯಿತಿ ಅಲ್ಲ. ತುಪ್ಪ, ಹಾಲು ಉಂಡು ಗಟ್ಟಿಯಾಗಿರುವವನಿಗೆ, ಅದೂ ಒಳ್ಳೆಯ ಋತುವಿನಲ್ಲಿ, ಹಾಕಿದ ಮೇಲಿನ ಗೆರೆ ಅದು. ಗರಡಿಯ ಪೈಲ್ವಾನರ ಊಟ ನೆನಪಿಸಿಕೊಳ್ಳಿ. ಹಾಲು, ತುಪ್ಪ, ಬಾದಾಮಿ. ನಾವು ಹಾಸ್ಟೆಲ್ಲಿನ ತೆಳು ಸಾರು ಉಂಡು, ರಾತ್ರಿ ಎರಡು ಗಂಟೆವರೆಗೆ ಓದಿ, ಬೆಳಿಗ್ಗೆ ಅವರಷ್ಟೇ ಬಸ್ಕಿ ಹೊಡೆಯಲು ಹೋದರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ಹಾಗಾದರೆ ಅರ್ಧ ಎಂದು ತಿಳಿಯುವುದು ಹೇಗೆ? ಇದಕ್ಕೆ ಇನ್ನೊಂದು ಹಳೆಯ ಆಯುರ್ವೇದ ಗ್ರಂಥ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 24ನೇ ಅಧ್ಯಾಯಕ್ಕೆ ಹೋಗಬೇಕು. ವ್ಯಾಯಾಮ ಮಾಡುವಾಗ ಹೃದಯದಲ್ಲಿರುವ ವಾಯು ಯಾವಾಗ ಬಾಯಿಗೆ ಬರುತ್ತದೋ, ಅದೇ ಬಲಾರ್ಧದ, ಅಂದರೆ ಅರ್ಧಶಕ್ತಿಯ, ಲಕ್ಷಣ ಎನ್ನುತ್ತಾನೆ ಸುಶ್ರುತ. ಅಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆದುಕೊಳ್ಳುವ ಗಳಿಗೆ. ಇದರ ಜೊತೆಗೆ ಹೇಳುವ ಇನ್ನೂ ಕೆಲವು ಗುರುತುಗಳಿವೆ. ಕಂಕುಳು, ಹಣೆ, ಮೂಗು, ಕೈಕಾಲಿನ ಸಂದುಗಳಲ್ಲಿ ಬೆವರು ಬರುವುದು, ಬಾಯಿ ಒಣಗುವುದು. ಇಂದಿನ ತರಬೇತುದಾರರು ಮಾತಿನ ಪರೀಕ್ಷೆ ಎಂದು ಒಂದನ್ನು ಹೇಳುತ್ತಾರೆ. ಓಡುತ್ತಾ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತದೆಯೇ ನೋಡು ಎಂದು. ಎರಡೂ ಅಳೆಯುವುದು ಉಸಿರನ್ನೇ.

ನನಗೆ ಇಲ್ಲಿ ತುಂಬಾ ಇಷ್ಟವಾಗುವುದು ಏನೆಂದರೆ, ಅಳತೆ ನಿಮಿಷದಲ್ಲಿ ಇಲ್ಲ, ಹೆಜ್ಜೆಯ ಎಣಿಕೆಯಲ್ಲೂ ಇಲ್ಲ. ಮಾಡುವವನ ಮೈಯಲ್ಲೇ ಇದೆ. ಇಪ್ಪತ್ತರ ಹುಡುಗನಿಗೆ ಆ ಗಳಿಗೆ ಅರ್ಧ ಗಂಟೆ ಓಡಿದ ಮೇಲೆ ಬರಬಹುದು. ಅರವತ್ತೈದರ ಅವನ ಅಜ್ಜಿಗೆ ಎರಡು ಮಹಡಿ ಹತ್ತಿದರೆ ಬರಬಹುದು. ಇಬ್ಬರಿಗೂ ನಿಯಮ ಒಂದೇ, ಪ್ರಮಾಣ ಬೇರೆ. ಅದೇ ಅಧ್ಯಾಯದಲ್ಲಿ ನೋಡಬೇಕಾದ ಆರು ವಿಷಯಗಳ ಪಟ್ಟಿಯೂ ಇದೆ: ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ. ಇವನ್ನು ನೋಡದೆ ಮಾಡಿದರೆ ರೋಗ ಬರುತ್ತದೆ ಎಂದು ನೇರವಾಗಿಯೇ ಹೇಳಿದ್ದಾನೆ.

ಈಗ ವಯಸ್ಸಿಗೆ ಬರೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ. ವಾಗ್ಭಟ 16 ವರ್ಷದವರೆಗೆ ಬಾಲ್ಯ, 70ರವರೆಗೆ ಮಧ್ಯ ವಯಸ್ಸು, ಆಮೇಲೆ ಕ್ಷಯದ ಕಾಲ ಎನ್ನುತ್ತಾನೆ. ಚರಕ ಸಂಹಿತೆಯ ಚರಕನ ಲೆಕ್ಕ ಬೇರೆ. ಅವನು ಬಾಲ್ಯವನ್ನು 30ರವರೆಗೆ ಎಳೆಯುತ್ತಾನೆ, ಅದರಲ್ಲಿ 16ರವರೆಗೆ ಧಾತುಗಳು, ಅಂದರೆ ರಕ್ತ ಮಾಂಸದಂಥ ಮೈ ಕಟ್ಟುವ ಅಂಶಗಳು, ಇನ್ನೂ ಹಸಿ. ಮಧ್ಯ ವಯಸ್ಸು 60ಕ್ಕೆ ಮುಗಿಯುತ್ತದೆ. ಸಂಖ್ಯೆ ಬೇರೆಯಾದರೂ ಒಳಗಿನ ವಿಚಾರ ಒಂದೇ. ಮೈಯನ್ನು ನಡೆಸುವ ಮೂರು ದೋಷಗಳಲ್ಲಿ ಬಾಲ್ಯದಲ್ಲಿ ಕಫ ಮುಂದು, ನಡುವಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ. ಮಗುವಿನ ಊಟ ಮೈ ಕಟ್ಟುವುದಕ್ಕೆ ಖರ್ಚಾಗುತ್ತದೆ. ಮುದುಕರಲ್ಲಿ ಕಟ್ಟಿದ್ದೇ ನಿಧಾನವಾಗಿ ಸವೆಯುತ್ತದೆ. ಇಬ್ಬರ ಬಳಿಯೂ ಸುಮ್ನೆ ಖರ್ಚು ಮಾಡಲು ಮಿಗತೆ ಕಡಿಮೆ.

ಇದೇ ಕಾರಣಕ್ಕೆ ಅಷ್ಟಾಂಗ ಹೃದಯದ ಶ್ಲೋಕ ಹೇಳುತ್ತದೆ: 'ವಾತಪಿತ್ತಾಮಯೀ ಬಾಲೋ ವೃದ್ಧೋಽಜೀರ್ಣೀ ಚ ತಂ ತ್ಯಜೇತ್.' ಮಕ್ಕಳು, ಮುದುಕರು, ಅಜೀರ್ಣ ಇರುವವರು ವ್ಯಾಯಾಮ ಬಿಡಬೇಕು. ಹಾಗಾದರೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿಬಿಡುವುದೇ? ಖಂಡಿತ ಅಲ್ಲ. ಮೊದಲು ಸುಶ್ರುತ ವ್ಯಾಯಾಮಕ್ಕೆ ಕೊಟ್ಟ ಅರ್ಥ ನೋಡಬೇಕು. ಶರೀರಕ್ಕೆ ಆಯಾಸ ಹುಟ್ಟಿಸುವ ಕೆಲಸವೇ ವ್ಯಾಯಾಮ. ಆಗ ಅವರ ಕಣ್ಣ ಮುಂದಿದ್ದದ್ದು ಕುಸ್ತಿ, ಸಾಮು, ಭಾರ ಎತ್ತುವುದು. ನಡಿಗೆಗೆ ಅದೇ ಅಧ್ಯಾಯದಲ್ಲಿ ಬೇರೆಯೇ ಶ್ಲೋಕ ಇದೆ. ಮೈಗೆ ಅತಿ ನೋವು ಕೊಡದ ಚಂಕ್ರಮಣ, ಅಂದರೆ ಓಡಾಟ, ಆಯುಸ್ಸು, ಬಲ, ಬುದ್ಧಿ, ಅಗ್ನಿ ಕೊಡುತ್ತದೆ ಮತ್ತು ಇಂದ್ರಿಯಗಳನ್ನು ಎಚ್ಚರಿಸುತ್ತದೆ ಎಂದು ಅಲ್ಲಿದೆ. ಬಿಡು ಎಂದದ್ದು ದಣಿಸುವುದನ್ನು, ಓಡಾಟವನ್ನು ಅಲ್ಲ. ನಾನು ಓದಿಕೊಂಡಿರುವುದು ಹೀಗೆ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಎನ್ನುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ಅಭ್ಯಾಸ ಮಾಡಬೇಕು, ಅದರಿಂದ ಬೀಳುವುದು ತಪ್ಪುತ್ತದೆ ಎನ್ನುತ್ತದೆ. ಮುಪ್ಪಿನಲ್ಲಿ ಮಾಂಸಖಂಡ ತಾನಾಗಿಯೇ ಕರಗುತ್ತದೆ, ಬಳಸದಿದ್ದರೆ ಇನ್ನೂ ಬೇಗ. ಇದನ್ನು ನಾವು ಇಂದಿನ ವಿಜ್ಞಾನದಿಂದ ತೆಗೆದುಕೊಳ್ಳಲೇಬೇಕು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇಂಥವನ್ನು ಉಸಿರು ಬಾಯಿಗೆ ಬರುವ ಮೊದಲೇ ನಿಲ್ಲಿಸಿದರೆ ಎರಡೂ ಮಾತು ನಡೆಯುತ್ತದೆ. ಮಕ್ಕಳಿಗೆ ಕುಂಟೆಬಿಲ್ಲೆ, ಮರ ಹತ್ತುವುದು, ಖೋ ಖೋ ಸಾಕು. ದಣಿದಾಗ ಅವರೇ ಕೂರುತ್ತಾರೆ. ಎದ್ದೇಳು ಎಂದು ದೊಡ್ಡವರು ಬೆನ್ನು ಹತ್ತಿದಾಗಲೇ ಆಟ ಆಯಾಸವಾಗುವುದು.

ಅದೇ ಶ್ಲೋಕದಲ್ಲಿ ಇನ್ನೊಂದು ಎಡವುವ ಜಾಗ ಇದೆ. 'ವಾತಪಿತ್ತಾಮಯೀ' ಎಂಬುದನ್ನು ವಾತ ಪ್ರಕೃತಿಯವರು, ಪಿತ್ತ ಪ್ರಕೃತಿಯವರು, ಅಂದರೆ ಹುಟ್ಟಿನಿಂದಲೇ ಆ ದೋಷ ಹೆಚ್ಚಿರುವ ಮೈಗುಣದವರು, ಎಂದು ಓದಿಕೊಳ್ಳುವವರಿದ್ದಾರೆ. ಆಮಯ ಎಂದರೆ ರೋಗ. ವಾತ ಪಿತ್ತದ ಕಾಯಿಲೆ ಇರುವವನು ಬಿಡಬೇಕು ಎಂದಷ್ಟೇ ಅರ್ಥ. ಪ್ರಕೃತಿಯ ಕಾರಣಕ್ಕೆ ಯಾರಿಗೂ ಇಲ್ಲಿ ಬಾಗಿಲು ಹಾಕಿಲ್ಲ.

ಪ್ರಕೃತಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಾತದವರಿಗೆ ನಿಧಾನದ ನಡಿಗೆ, ಪಿತ್ತದವರಿಗೆ ತಂಪು ಹೊತ್ತಿನ ಈಜು, ಕಫದವರಿಗೆ ಬಿರುಸಿನ ಓಟ. ಈ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಇದು ಸಂಹಿತೆಯ ಶ್ಲೋಕ ಅಲ್ಲ, ಗುಣಗಳನ್ನು ನೋಡಿ ಇಂದಿನ ವೈದ್ಯರು ಮಾಡಿಕೊಂಡ ಊಹೆ. ತರ್ಕ ಚೆನ್ನಾಗಿಯೇ ಇದೆ. ಒಣ ಮೈ, ಬೇಗ ದಣಿಯುವ ಸ್ವಭಾವ ಇದ್ದರೆ ಎಣ್ಣೆ ಹಚ್ಚಿ, ನಿಧಾನವಾಗಿ, ದಿನವೂ ಒಂದೇ ಹೊತ್ತಿಗೆ ಮಾಡುವುದು ಒಳ್ಳೆಯದೇ. ಆದರೆ ಚರಕ ರೋಗಿಯನ್ನು ಪರೀಕ್ಷಿಸುವ ಹತ್ತು ವಿಷಯಗಳಲ್ಲಿ ಪ್ರಕೃತಿ ಒಂದು, ವ್ಯಾಯಾಮಶಕ್ತಿ ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟಿದ್ದಾನೆ. ವ್ಯಾಯಾಮಶಕ್ತಿಯನ್ನು ತಿಳಿಯುವುದು ಕೆಲಸ ಮಾಡುವ ತಾಕತ್ತಿನಿಂದ. ಪ್ರಕೃತಿಯ ಪ್ರಶ್ನಾವಳಿ ತುಂಬಿ 'ನಾನು ಕಫ, ಹಾಗಾಗಿ ಜೋರು ಮಾಡಬೇಕು' ಎಂದು ಹೊರಡುವವರಿಗೆ ಇದನ್ನು ತೋರಿಸಬೇಕು.

ಮೈಕಟ್ಟಿನ ಬಗ್ಗೆ ಚರಕ ಸೂತ್ರಸ್ಥಾನದ 21ನೇ ಅಧ್ಯಾಯದಷ್ಟು ಚೆನ್ನಾಗಿ ಬೇರೆಲ್ಲೂ ನಾನು ಓದಿಲ್ಲ. ಅತಿ ದಪ್ಪ ಇರುವವನಲ್ಲಿ ಮೇದಸ್ಸು ಮಾತ್ರ ಬೆಳೆಯುತ್ತದೆ, ಉಳಿದ ಧಾತುಗಳು ಹಾಗೆ ಬೆಳೆಯುವುದಿಲ್ಲ ಎನ್ನುತ್ತಾನೆ. ಹಾಗಾಗಿ ಅವನು ಗಾತ್ರದಲ್ಲಿ ದೊಡ್ಡವನು, ಬಲದಲ್ಲಿ ಅಲ್ಲ. ದಪ್ಪಗಿದ್ದಾನೆ, ತಡೆದುಕೊಳ್ಳುತ್ತಾನೆ ಎಂದು ಮೊದಲ ದಿನವೇ ಹಾರಿಸಿ ಕುಣಿಸಿದರೆ ಮೊಣಕಾಲು ಹೋಗುತ್ತದೆ. ಮೈ ಇಳಿಸಲು ಚರಕ ಹೇಳುವ ನಾಲ್ಕರಲ್ಲಿ ವ್ಯಾಯಾಮವೂ ಒಂದು. ಅದನ್ನು ಹೆಚ್ಚಿಸಬೇಕಾದ್ದು 'ಕ್ರಮೇಣ'. ಆ ಒಂದು ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ತೀರಾ ಸಣ್ಣಗಿರುವವನು ವ್ಯಾಯಾಮವನ್ನೂ ತಾಳಲಾರ, ಹಸಿವನ್ನೂ ತಾಳಲಾರ, ಹೊಟ್ಟೆ ಬಿರಿಯುವ ಊಟವನ್ನೂ ತಾಳಲಾರ. ಸುಶ್ರುತ ಪ್ರಮೇಹದ (ಸಕ್ಕರೆ ಕಾಯಿಲೆಯಂಥ ಮೂತ್ರರೋಗದ) ಚಿಕಿತ್ಸೆಯಲ್ಲಿ ನೂರು ಯೋಜನ ನಡೆ, ಬಾವಿ ತೋಡು ಎಂದು ಕಠಿಣವಾಗಿ ಹೇಳಿ, ಕೂಡಲೇ 'ಕೃಶಂ ತು ಸತತಂ ರಕ್ಷೇತ್' ಎಂದು ಸೇರಿಸುತ್ತಾನೆ. ಬಡಕಲು ರೋಗಿಯನ್ನು ಯಾವಾಗಲೂ ಕಾಪಾಡು. ಕಾಯಿಲೆ ಒಂದೇ, ಮೈ ಬೇರೆ, ಹಾಗಾಗಿ ಸಲಹೆ ಬೇರೆ.

ನಮ್ಮ ನಾಡಿನಲ್ಲೂ ಈ ವಿವೇಕ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಶಕ್ತಿ ನೋಡಿ ವಿಂಗಡಿಸಿದ್ದಾರೆ. ಅವರ ಅಭ್ಯಾಸ, ಊಟದ ವಿವರವೂ ಅಲ್ಲಿದೆ.

ಋತುವಿನ ಬಗ್ಗೆ ಎರಡೇ ಮಾತು. ಚಳಿಗಾಲದಲ್ಲಿ ಬಲ ಹೆಚ್ಚು, ಮಳೆಗಾಲ ಮತ್ತು ಬೇಸಿಗೆಯಲ್ಲಿ ಕಡಿಮೆ, ಉಳಿದ ಋತುಗಳಲ್ಲಿ ಮಧ್ಯಮ. ಹೇಮಂತದಲ್ಲಿ ನುರಿತವರ ಜೊತೆ ಕುಸ್ತಿಯೂ ಆಗಬಹುದು, ಗ್ರೀಷ್ಮದಲ್ಲಿ ವ್ಯಾಯಾಮವನ್ನೇ ಬಿಡು ಎನ್ನುತ್ತಾನೆ ವಾಗ್ಭಟ. ಕಲಬುರಗಿಯಲ್ಲಿ ಒಂದು ಏಪ್ರಿಲ್ ತಿಂಗಳು ನಾನು ಜನವರಿಯಷ್ಟೇ ಓಡಲು ಹೋಗಿ ಮೂರು ದಿನ ತಲೆನೋವಿನಿಂದ ಮಲಗಿದ್ದೆ. ಆ ಸಾಲು ಆಮೇಲೆ ಮರೆಯಲಿಲ್ಲ.

ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಈ ಟಿಪ್ಪಣಿ ಓದಿ ಶುರು ಮಾಡಬಾರದು. ಮೊದಲು ವೈದ್ಯರನ್ನು ಕಾಣಬೇಕು. ಎದೆನೋವು, ತಲೆಸುತ್ತು ಬಂದರೆ ಅದು ಅರ್ಧಶಕ್ತಿಯ ಗುರುತಲ್ಲ. ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಓದುತ್ತಿರುವವರು ಒಂದು ಕೆಲಸ ಮಾಡಿ ನೋಡಿ. ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆದು, ಬಾಯಿ ತೆರೆದುಕೊಂಡ ಗಳಿಗೆಯನ್ನು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ಹಿಂದಿನ ರಾತ್ರಿಯ ನಿದ್ದೆ, ಊಟ, ಹವೆ. ನನ್ನ ಪುಸ್ತಕದಲ್ಲಿ ಡಿಸೆಂಬರಿನ ಒಂದು ಬೆಳಿಗ್ಗೆ 26ನೇ ನಿಮಿಷ ಎಂದಿದೆ. ಪರೀಕ್ಷೆಗೆ ನಿದ್ದೆಗೆಟ್ಟ ಮೇ ತಿಂಗಳ ಒಂದು ಬೆಳಿಗ್ಗೆ, ಅದೇ ದಾರಿ, 11ನೇ ನಿಮಿಷ. ಅವತ್ತು ಅಲ್ಲಿಂದಲೇ ಮನೆಗೆ ತಿರುಗಿದೆ.