ಗ್ರೀಸಿನ ಕಪ್ಪು ಪುಡಿಯ ಕೆಂಪು ಬೆಳಕು

ಗ್ಯಾರೇಜಿನಲ್ಲಿ ಬೇರಿಂಗಿಗೆ ಬಳಿಯುವ ಕಪ್ಪು ಗ್ರೀಸನ್ನು ನೋಡಿರುತ್ತೀರಿ. ಅದರ ಕೆಲವು ಬಗೆಗಳಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಪುಡಿ ಬೆರೆತಿರುತ್ತದೆ. ಮಾಲಿಬ್ಡಿನಮ್ ಪರಮಾಣುಗಳ ಒಂದು ಹಾಸು, ಅದರ ಮೇಲೊಂದು ಕೆಳಗೊಂದು ಗಂಧಕದ ಹಾಸು: ಇದು ಅದರ ಒಂದು ಪದರ. ದಪ್ಪ ಸುಮಾರು 0.65 ನ್ಯಾನೋಮೀಟರ್. ಪದರದೊಳಗಿನ ಬಂಧ ಗಟ್ಟಿ, ಪದರಗಳ ನಡುವಿನ ಹಿಡಿತ ಸಡಿಲ. ಹಾಗಾಗಿ ಅವು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ.

ಜಾರುವುದನ್ನು ಸುಲಿಯಲೂಬಹುದು. ಹರಳಿಗೆ ಅಂಟುಟೇಪ್ ಒತ್ತಿ ಕೀಳಬೇಕು, ಟೇಪನ್ನು ಮತ್ತೆ ಮತ್ತೆ ಮಡಚಿ ಬಿಡಿಸಬೇಕು, ಕೊನೆಗೆ ಆಕ್ಸೈಡ್ ಲೇಪವಿರುವ ಸಿಲಿಕಾನ್ ಬಿಲ್ಲೆಗೆ ಒತ್ತಬೇಕು. ಲೇಪದ ದಪ್ಪ 300 ನ್ಯಾನೋಮೀಟರಿನ ಆಸುಪಾಸಿನಲ್ಲಿದ್ದರೆ ಒಂದೇ ಪದರದ ಚೂರು ಕೂಡ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಮಸುಕಾದ ಕಲೆಯಂತೆ ಕಾಣುತ್ತದೆ. ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮ್ಯಾಂಚೆಸ್ಟರಿನಲ್ಲಿ ಗ್ರಾಫೈಟಿನಿಂದ ಗ್ರಾಫೀನನ್ನು, ಅಂದರೆ ಇಂಗಾಲದ ಒಂಟಿ ಪದರವನ್ನು, ಬಿಡಿಸಿದ್ದೂ ಟೇಪಿನಿಂದಲೇ. 2010ರ ನೊಬೆಲ್ ಅವರಿಗೆ ಸಂದಿತು. ಆದರೆ ಗ್ರಾಫೀನಿನಲ್ಲಿ, ಹರಿಯಲು ಎಲೆಕ್ಟ್ರಾನು ದಾಟಬೇಕಾದ ಶಕ್ತಿಯ ಅಂತರವೇ ಇಲ್ಲ. ಎಷ್ಟು ತಿರುಗಿಸಿದರೂ ಸೋರುವ ನಲ್ಲಿಯಂತೆ, ಅದರೊಳಗಿನ ವಿದ್ಯುತ್ತನ್ನು ಪೂರ್ತಿ ನಿಲ್ಲಿಸಲಾಗದು. ನನಗಂತೂ ಗ್ರೀಸಿನ ಪುಡಿಯ ಕಥೆಯೇ ಹೆಚ್ಚು ಸ್ವಾರಸ್ಯದ್ದು.

ದಪ್ಪ ಹರಳಿನ ಮೇಲೆ ಹಸಿರು ಲೇಸರ್ ಬಿಟ್ಟರೆ ಅದು ಬೆಳಗುವುದಿಲ್ಲವೆಂದೇ ಹೇಳಬೇಕು. ಒಂಟಿ ಪದರ ಮಾತ್ರ ಕೆಂಪಗೆ ಬೆಳಗುತ್ತದೆ. 2010ರಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಕಂಡವು. ವಸ್ತು ಕಡಿಮೆಯಾದಷ್ಟೂ ಬೆಳಕು ಹೆಚ್ಚುವುದೆಂದರೇನು?

ಲೇಸರಿನ ಶಕ್ತಿ ಹೀರಿದ ಎಲೆಕ್ಟ್ರಾನು ಅಟ್ಟದ ಮೇಲಿದೆ ಎನ್ನೋಣ. ಅದು ಕೆಳಗಿಳಿಯುವಾಗ ಆ ಶಕ್ತಿ ಬೆಳಕಾಗಿ ಹೊಮ್ಮಬಹುದು. ಕೆಳಗೆ ಅದಕ್ಕೊಂದು ಖಾಲಿ ಜಾಗವಿದೆ, ಆದರೆ ನೇರ ಕೆಳಗಲ್ಲ. ಪಕ್ಕಕ್ಕೆ ಸರಿಯಲು ಹರಳಿನ ಕಂಪನವೊಂದು ಅದನ್ನು ದೂಡಬೇಕು. ಅದಕ್ಕೆ ಕಾಯುವಷ್ಟರಲ್ಲಿ ಶಕ್ತಿಯೆಲ್ಲ ಶಾಖವಾಗಿ ಹೋಗಿರುತ್ತದೆ. ದಪ್ಪ ಹರಳಿನ ಪಾಡು ಇದು. ಸಿಲಿಕಾನಿನದೂ ಇದೇ, ಅದರಿಂದ ಒಳ್ಳೆಯ ಎಲ್‌ಇಡಿ ಮಾಡಲಾಗದಿರುವುದು ಇದಕ್ಕೇ. ಇನ್ನು ಪದರ ಒಂಟಿಯಾದಾಗ ಏನಾಗುತ್ತದೆ? ನೆರೆಯ ಪದರಗಳೊಂದಿಗೆ ಬೆರೆತಿದ್ದ ಗಂಧಕದ ಎಲೆಕ್ಟ್ರಾನುಗಳ ಶಕ್ತಿಮಟ್ಟ ನೆರೆ ಹೋದೊಡನೆ ಸರಿಯುತ್ತದೆ. ನಡುವೆ ಅಡಗಿರುವ ಮಾಲಿಬ್ಡಿನಮ್‌ಗೆ ಆ ಬದಲಾವಣೆ ಅಷ್ಟಾಗಿ ತಟ್ಟುವುದಿಲ್ಲ. ಹೀಗೆ ಸರಿದು ಸರಿದು ಖಾಲಿ ಜಾಗ ಅಟ್ಟದ ನೇರ ಕೆಳಗೇ ಬಂದು ನಿಲ್ಲುತ್ತದೆ. ಅಟ್ಟಕ್ಕೂ ಆ ಜಾಗಕ್ಕೂ ನಡುವಿನ ಶಕ್ತಿಯ ಅಂತರವೂ ಸುಮಾರು 1.3ರಿಂದ 1.9 ಎಲೆಕ್ಟ್ರಾನ್ ವೋಲ್ಟ್‌ಗೆ (ಇದು ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನ) ಏರುತ್ತದೆ. ಅದು ಕೆಂಪು ಬೆಳಕಿನ ಶಕ್ತಿ. ಎರಡು ಪದರವಾದರೆ ಸಾಕು, ಈ ಸೌಭಾಗ್ಯ ತಪ್ಪಿತು.

ಅಂತರವಿರುವುದರಿಂದ ನಲ್ಲಿಯೂ ಸೋರದು. 2011ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮಾಡಿದ ಒಂಟಿ ಪದರದ ಟ್ರಾನ್ಸಿಸ್ಟರಿನಲ್ಲಿ, ತೆರೆದಾಗ ಹರಿಯುವ ವಿದ್ಯುತ್ತು ಮುಚ್ಚಿದಾಗಿನದರ ಹತ್ತು ಕೋಟಿ ಪಟ್ಟು. 2013ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಮಾಲಿಬ್ಡಿನಮ್ ಡೈಸಲ್ಫೈಡಿನ ಮೇಲೆ ಗ್ರಾಫೀನನ್ನು ಹೊದಿಸಿ, ಅತಿ ಮಂದ ಬೆಳಕಿಗೂ ಸ್ಪಂದಿಸುವ ಸಾಧನ ಮಾಡಿತು.

ಹಾಗೆಂದು ಆ ಕೆಂಪು ಬೆಳಕು ಪ್ರಖರವೇನಲ್ಲ. ಸುಲಿದ ಚೂರು ಹೀರಿದ ನೂರು ಫೋಟಾನುಗಳಿಗೆ (ಬೆಳಕಿನ ಕಣಗಳಿಗೆ) ಒಂದನ್ನು ಮರಳಿಸಿದರೂ ಹೆಚ್ಚು. ಹರಳಿನಲ್ಲಿ ಅಲ್ಲಲ್ಲಿ ಗಂಧಕದ ಪರಮಾಣುಗಳು ಬಿಟ್ಟುಹೋಗಿರುವುದು ಇದಕ್ಕೊಂದು ಕಾರಣವೆನ್ನಲಾಗಿತ್ತು. 2015ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಅಂಥ ಚೂರನ್ನು ಒಂದು ಸಾವಯವ ಆಮ್ಲದಲ್ಲಿ ಅದ್ದಿ ತೆಗೆದರು. ಮರಳಿ ಬಂದ ಬೆಳಕು ನೂರಕ್ಕೆ 95ನ್ನು ದಾಟಿತು.